ಹಣೆಗೆ ಒತ್ತಿದ ಐಸು

ತಮ್ಮಾ,

ಬಿಸಿನೀರು ಫ್ಲಾಸ್ಕಿನಲ್ಲಿದೆ. ನಿನ್ನ ಚಪ್ಪಲಿ, ಫ್ಯಾಕ್ಟರಿ ಕಾರ್ಡು ಎರಡನ್ನೂ ನಾನೇ ಒಯ್ದಿದ್ದೇನೆ, ಹುಡುಕಬೇಡ. ಜ್ವರ ಇಳಿಯುವ ಮೊದಲು ಹೊಸಿಲು ದಾಟಿದರೆ ಕಾಲು ಮುರಿಯುತ್ತೇನೆ.

ನಾಲ್ಕು ದಿನದ ಹಿಂದೆ ಹಣೆಗೆ ಐಸು ಒತ್ತಿಕೊಂಡು ಬಂದು, ಗೇಟಿನಲ್ಲಿ ಜ್ವರ ನೋಡುವ ಈ ಅಕ್ಕನಿಗೇ ಟೋಪಿ ಹಾಕಿದೆಯಲ್ಲ, ನಿನ್ನ ಹೊಲಿಗೆ ಸಾಲಿನಲ್ಲಿ ಈಗ ಒಂಬತ್ತು ಜನ ಹಾಸಿಗೆ ಹಿಡಿದಿದ್ದಾರೆ. ನಿನ್ನೆ ಅವರ ಮನೆಯವರು ಬಂದು, "ಜ್ವರದವನನ್ನ ಒಳಗೆ ಬಿಟ್ಟೋಳು ನೀನೇನಾ?" ಅಂತ ನನ್ನ ಜುಟ್ಟು ಹಿಡಿದು ಗೋಡೆಗೆ ಚಚ್ಚಿದರು. ತುಟಿ ಸೀಳಿದ್ದು ನಿನಗೆ ಹೇಳಿದ ಹಾಗೆ ಬಚ್ಚಲಲ್ಲಿ ಜಾರಿಬಿದ್ದು ಅಲ್ಲ ಕಣೋ.

ಜ್ವರ ನೋಡುವ ಮೆಷಿನ್ನೇ ಕೆಟ್ಟಿತ್ತು ಅಂದೆ. ನಿನ್ನ ಹೆಸರು ಹೇಳಲಿಲ್ಲ.

ಇವತ್ತೂ ಅದೇ ಗೇಟಿನಲ್ಲಿ ನಿಂತಿರುತ್ತೇನೆ. ನೀನು ಅಲ್ಲಿ ಕಾಣಿಸಿದರೆ ಆ ಮನೆಯವರಿಗೆ ನಾನೇ ಬೊಟ್ಟು ಮಾಡಿ ತೋರಿಸುತ್ತೇನೆ.

ಏನಾದರೂ ತಿಂದೇ ಮಾತ್ರೆ ನುಂಗು.

ಅಕ್ಕ