ನಡುವಿನ ನಾಲ್ಕು ಸಾಲು

ಬ್ಯಾಡಗಿ
೨೨ ನವೆಂಬರ್ ೨೦೦೪, ಸೋಮವಾರ

ಪ್ರೀತಿಯ ಸುರೇಖಕ್ಕಾ,

ಸಾಂಗ್ಲಿಯ ನೀರು ನಿನ್ನ ಮೊಣಕಾಲಿಗೆ ಒಗ್ಗಿತೇ? ನಾನು ಕಟ್ಟಿಕೊಟ್ಟ ನೋವಿನ ಎಣ್ಣೆ ಹಚ್ಚಿಕೊಳ್ಳುತ್ತೀಯೋ, ಇಲ್ಲಾ ಮೊಮ್ಮಗನ ಮೈ ತಿಕ್ಕುವ ಗದ್ದಲದಲ್ಲಿ ನಿನ್ನ ಕಾಲು ನಿನಗೇ ಮರೆತುಹೋಗಿದೆಯೋ? ಬಾಣಂತಿ ಮಗಳು ಪದ್ಮಜಾ ಹೊಟ್ಟೆ ತುಂಬ ಉಣ್ಣಲಿ. ಎರಡನೆಯ ಬಾಣಂತನ ಗಂಡನ ಮನೆಯಲ್ಲೇ ಆಗಲಿ ಎಂದು ಅವಳು ಹಟ ಹಿಡಿದಾಗ ನನಗೆ ಸಿಟ್ಟು ಬಂದಿತ್ತು. ಈಗ ಅವಳಿಗೆ ಒಂದು ಸೀರೆ ಉಡಿಸಬೇಕು ಎನಿಸಿದೆ. ಅವಳು ಹಟ ಹಿಡಿದದ್ದಕ್ಕೇ ನೀನು ಅಲ್ಲಿಗೆ ಹೋದೆ, ನಿನ್ನ ಯಜಮಾನರು ರಾಣೆಬೆನ್ನೂರಿನಲ್ಲಿ ಒಬ್ಬರೇ ಸಿಕ್ಕರು. ಇಲ್ಲಿ ನಾನು, ಶ್ರೀದೇವಿ ಆರಾಮ. ಅವ್ವನೂ ಈಗ ಆರಾಮ. 'ಈಗ' ಎಂದು ಯಾಕೆ ಬರೆದೆ ಎಂಬುದನ್ನೇ ಹೇಳಲು ಕೂತಿದ್ದೇನೆ.

ಭಾವನವರು ದಿನಾ ಸಂಜೆ ನಿನಗೆ ಫೋನು ಮಾಡಿ ನನ್ನ ಮೇಲೆ ಚಾಡಿ ಹೇಳುತ್ತಿದ್ದಾರೆಂದು ಗೊತ್ತಿದೆ. "ನಿನ್ನ ತಮ್ಮ ನಡು ಬಜಾರದಾಗ ನನ್ನ ಮಾನ ಕಳದಾನ" ಎಂದಿರಬೇಕು. ಹೌದಕ್ಕಾ, ಕಳೆದಿದ್ದೇನೆ. ಹುಡುಕಿಕೊಡುವ ವಿಚಾರ ಸದ್ಯಕ್ಕಿಲ್ಲ. ಫೋನಿನಲ್ಲಿ ಹೇಳಿದರೆ ನೀನು ನಡುವೆ ಬಾಯಿ ಹಾಕಿ "ಹೋಗ್ಲಿ ಬಿಡೋ ಕೊಟ್ರೇಶ" ಎನ್ನುತ್ತೀ. ಪತ್ರದಲ್ಲಿ ಆ ಭಯವಿಲ್ಲ.

ನೀನು ಸಾಂಗ್ಲಿಗೆ ಹೋದ ಮರುವಾರ ದೇವರಗುಡ್ಡದ ಗೊರವ ಗುಡದಪ್ಪಜ್ಜ ನಮ್ಮ ಮನೆಗೆ ಬಂದ. ಕರಿ ಕಂಬಳಿಯೊಳಗಿಂದ ಡಮರುಗ ತೆಗೆಯುತ್ತಾನೆ ಎಂದುಕೊಂಡರೆ ನಾಯಿಮರಿ ತೆಗೆದ. ಬೆಲ್ಲದ ಬಣ್ಣದ್ದು, ಅಂಗೈಗಿಂತ ಸ್ವಲ್ಪ ದೊಡ್ಡದು. ಅವ್ವನ ಉಡಿಯಲ್ಲಿ ಹಾಕಿ, ಅವಳ ಹಣೆಗೂ ಮರಿಯ ಹಣೆಗೂ ಭಂಡಾರದ ಅರಿಸಿನ ಹಚ್ಚಿ, "ಯವ್ವಾ, ಇದು ಉಂಡ ಮ್ಯಾಲೆ ನೀ ಉಣ್ಣು, ಮೈಲಾರಪ್ಪ ಕಾಯ್ತಾನ" ಎಂದು ಹೊರಟುಹೋದ. ಅವ್ವನ ಸ್ವಭಾವ ನಿನಗೆ ಹೇಳಬೇಕೆ? ನಾವು ಚಿಕ್ಕವರಿದ್ದಾಗಲೂ ರವಿವಾರ ಮೊದಲ ತುತ್ತು ಓಣಿಯ ನಾಯಿಗೆ, ಆಮೇಲೆ ನಮಗೆ. ಗುಡ್ಡದಲ್ಲಿ ಗೊರವರು ನಾಯಿಯಂತೆ ಗುರುಗುಟ್ಟುತ್ತ ದೋಣಿ ಬಟ್ಟಲೊಳಗಿನ ಹಾಲು ಬಾಳೆಹಣ್ಣು ಉಣ್ಣುವಾಗ ಕಣ್ಣೀರು ಹಾಕುವವಳು ಅವಳು. ಅವಳ ಪಾಲಿಗೆ ಮೈಲಾರನ ನಾಯಿ ಮನೆಯ ಹಿರಿಯ. ಗುಡದಪ್ಪಜ್ಜನ ಮಾತನ್ನು ರವಿವಾರಕ್ಕಷ್ಟೇ ಅಲ್ಲ, ದಿನದ ಪ್ರತಿ ಊಟಕ್ಕೂ ಹಚ್ಚಿಕೊಂಡಳು. ಮರಿಗೆ ಬೆಲ್ಲ ಎಂದು ಹೆಸರಿಟ್ಟೆವು. ಬೆಲ್ಲ ಉಣ್ಣಲಿಲ್ಲ ಎಂದರೆ ಅವ್ವನ ಊಟವೂ ಇಲ್ಲ. ಪ್ರಾಸ ತಾನಾಗಿ ಬಿತ್ತು, ಕ್ಷಮಿಸು.

ಹಾಗಾಗಿ ಬೆಲ್ಲನ ಊಟ ನಮ್ಮ ಮನೆಯ ಮೊದಲ ಚಿಂತೆಯಾಯಿತು. ಹಾಲಲ್ಲಿ ರೊಟ್ಟಿ ನೆನೆಸಿ ಕೊಟ್ಟೆವು, ಭೇದಿ ಹತ್ತಿತು. ನಮ್ಮ ಸಾರಿನ ಅನ್ನ ಕೊಟ್ಟರೆ, ಬ್ಯಾಡಗಿಯ ಸಾರು ನೋಡು, ಮರಿ ಸೀನುತ್ತ ಮೂರು ಸುತ್ತು ತಿರುಗಿ ನೀರಿನ ಬಟ್ಟಲಲ್ಲಿ ಮುಖ ಮುಳುಗಿಸಿತು. ಹಾವೇರಿಗೆ ಹೋದಾಗ ಔಷಧದ ಅಂಗಡಿಯಲ್ಲಿ ಕಂಪನಿಯ ಪಾಕೀಟು ನೋಡಿದೆ. ಮೇಲೆ ಬೆಳ್ಳನೆಯ ವಿಲಾಯತಿ ನಾಯಿಯ ಚಿತ್ರ, ಬೆಲೆ ನಮ್ಮ ಮನೆಯ ಒಂದು ವಾರದ ಕಾಯಿಪಲ್ಯದ್ದು. ಆ ನಾಯಿ ನನ್ನನ್ನು ನೋಡಿ ನಗುತ್ತಿದೆ ಅನಿಸಿ ಹೊರಗೆ ಬಂದೆ. ಆಗ ಭಾವನವರ ನೆನಪಾಯಿತು. ಬುದ್ಧಿಗೇಡಿಗೆ ಬಂಧುಗಳೇ ಬಲ.

ಅವರು ತಮ್ಮ ಹಿಂಡಿ-ಬೂಸಾ ಅಂಗಡಿಯಲ್ಲಿ ಈ ಸಲ ನಾಯಿಮರಿಯ ತಿನಿಸು ಕೂಡ ಮಾರತೊಡಗಿದ್ದು ನಿನಗೆ ಗೊತ್ತು. ಪ್ಲಾಸ್ಟಿಕ್ ಚೀಲ ಅವರದು, ಮೇಲಿನ ಚೀಟಿ ನನ್ನ ಪ್ರೆಸ್ಸಿನದು. ಚೀಟಿಯ ತಲೆಗೆ 'ಶ್ರೀ ಮೈಲಾರಲಿಂಗ ಪ್ರಸನ್ನ', ಬುಡಕ್ಕೆ ದೊಡ್ಡ ಅಕ್ಷರದಲ್ಲಿ ಪ್ರಭುಲಿಂಗಪ್ಪ ಎಂಬ ಅವರ ಹೆಸರು ಮತ್ತು ಫೋನ್ ನಂಬರು, ನಡುವೆ ನನ್ನ ನಾಲ್ಕು ಸಾಲು:

ಕಡಿಮೆ ಬೆಲೆಗೆ ಕಸುವಿನ ತಿನಿಸು,
ಒಡೆಯಗೆ ಉಳಿತಾಯ, ಮರಿಗೆ ಸೊಗಸು.
ಒಂದೇ ತಿಂಗಳು ತಿನ್ನಿಸಿ ನೋಡಿ,
ಬಂದ ಕಳ್ಳನು ಹೋಗುವನು ಓಡಿ!

ಒಂದು ಇಡೀ ಮಧ್ಯಾಹ್ನ ಕೂತು ಹೊಸೆದ ಸಾಲುಗಳು. ಭಾವ ಕರಡು ತಿದ್ದಿದ್ದು ಹೇಗೆ ಗೊತ್ತೇ? ಮೇಲೆ ದೇವರ ಹೆಸರು ನೋಡಿ ಕೈ ಮುಗಿದರು, ಕೆಳಗೆ ತಮ್ಮ ಹೆಸರಿನ ಮೇಲೆ ಬೆರಳಾಡಿಸಿದರು, ನಂಬರು ಓದಿದರು, ಸಹಿ ಹಾಕಿದರು. ನಡುವಿನದು ಓದಲಿಲ್ಲವಲ್ಲ ಎಂದೆ. "ಲೇ ಕವಿ, ನಡಕಿಂದು ಯಾರ್ ಓದ್ತಾರಲೇ?" ಎಂದರು. ಇದು ಅವರೊಬ್ಬರ ಚಟವಲ್ಲ. ಈ ಸೀಮೆಯಲ್ಲಿ ಮದುವೆಯ ಕಾರ್ಡಿನಿಂದ ಹಿಡಿದು ಅಂಗಡಿ ಉದ್ಘಾಟನೆಯ ಕರಪತ್ರದ ತನಕ ಎಲ್ಲರೂ ನೋಡುವುದು ದೇವರನ್ನು ಮತ್ತು ತಮ್ಮನ್ನು. ನಡುವೆ ಇರುವವನು ನಾನು, ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದೆ ಪ್ರಾಸ ಕೂಡಿಸುತ್ತ ಕೂತಿದ್ದೇನೆ. ಆದರೂ ಆ ದಿನ ನನ್ನ ಸಾಲನ್ನು ನಾನೇ ನಂಬಿ ಒಂದು ಚೀಲ ತಂದೆ.

ಬೆಲ್ಲ ಮೂಸಿತು, ಹಿಂದೆ ಸರಿಯಿತು. ನೆನೆಸಿ ಕೊಟ್ಟರೆ ಒಂದೆರಡು ಸಲ ನೆಕ್ಕಿ ವಾಂತಿ ಮಾಡಿತು. ಅವ್ವ ತಾಟು ಸರಿಸಿ ಗೋಡೆಗೆ ಒರಗಿದಳು. ಸಕ್ಕರೆ ಕಾಯಿಲೆಯವಳು, ಗುಳಿಗೆ ಮಾತ್ರ ನುಂಗುತ್ತಾಳೆ, ಅನ್ನ ಮುಟ್ಟುವುದಿಲ್ಲ. ಶ್ರೀದೇವಿ ಅತ್ತೆಯನ್ನು ಬೇಡಿಕೊಂಡಳು, ನಾನು ಬೈದೆ. "ಕೂಸು ಉಪಾಸ ಐತಿ, ನನಗ ಗಂಟಲಾಗ ಹ್ಯಾಂಗ ಇಳಿತೈತೋ?" ಎಂದಳು. ಭಾವನಿಗೆ ಫೋನು ಮಾಡಿ ಮರಿ ತಿನ್ನುತ್ತಿಲ್ಲ, ಅವ್ವ ಉಣ್ಣುತ್ತಿಲ್ಲ ಎಂದೆ. ಅವರು ನಕ್ಕರು. "ಹಸದ್ರ ತಾನ ತಿಂತೈತಿ, ಬಿಡು" ಎಂದರು. ಮರುದಿನ ಬೆಳಿಗ್ಗೆ ಅವ್ವ ಬಚ್ಚಲ ಬಾಗಿಲಲ್ಲಿ ಕುಸಿದಳು. ಮೈಯೆಲ್ಲ ತಣ್ಣನೆಯ ಬೆವರು. ಶ್ರೀದೇವಿ ಬಾಯಿಗೆ ಸಕ್ಕರೆ ನೀರು ಹಾಕಿದಳು, ನಾನು ಎತ್ತಿಕೊಂಡು ದವಾಖಾನೆಗೆ ಓಡಿದೆ. ಅಕ್ಕಾ, ಅವಳು ಎಷ್ಟು ಹಗುರವಾಗಿದ್ದಾಳೆ ಎಂಬುದು ನನಗೆ ಆಗ ಗೊತ್ತಾಯಿತು. ನಿನಗೆ ಅಂದೇ ತಿಳಿಸಲಿಲ್ಲ, ನೀನು ಬಾಣಂತಿಯನ್ನು ಬಿಟ್ಟು ಬಸ್ಸು ಹತ್ತುತ್ತಿದ್ದೆ. ಆ ದಿನದಿಂದ "ಹಸದ್ರ ತಾನ ತಿಂತೈತಿ" ಎಂಬ ಮಾತು ನನ್ನ ಕಿವಿಯಿಂದ ಇಳಿದಿಲ್ಲ.

ಸಂಜೆ ಅವ್ವನನ್ನು ಮಲಗಿಸಿ, ಆ ಚೀಲವನ್ನು ಸಿಟ್ಟಿನಿಂದ ಹಿತ್ತಲಿಗೆ ಒಗೆದೆ. ಚೀಲ ಒಡೆಯಿತು. ಪಕ್ಕದ ಮನೆಯ ರಹಿಮತಬಿಯ ಕೋಳಿಗಳು ಗೋಡೆ ಹಾರಿ ಬಂದವು. ಬಂದವು ಎಂದರೆ ಬೀಗರ ಮನೆಯ ಊಟಕ್ಕೆ ಬಂದಂತೆ! ಕುಕ್ಕಿದ್ದೇ ಕುಕ್ಕಿದ್ದು. ಗೋಡೆಯ ಆಚೆಯಿಂದ ರಹಿಮತಬಿ "ಏ ತಮ್ಮಾ, ನನ್ನ ಕೋಳಿಗೆ ದಾವತ್ ಇಟ್ಟೀಯೇನು?" ಎಂದು ನಕ್ಕಳು. ನನಗೆ ನಗೆ ಬರಲಿಲ್ಲ. ಒಂದು ಹಿಡಿ ಬಳಿದುಕೊಂಡು ದನದ ದವಾಖಾನೆಯ ಡಾಕ್ಟರ ಹತ್ತಿರ ಹೋದೆ. ಅವರು ಬೆರಳಲ್ಲಿ ತಿಕ್ಕಿ ನೋಡಿ, ಇದು ಮೊಟ್ಟೆ ಇಡುವ ಕೋಳಿಯ ಕಾಳು, ಹಳೆಯದು, ಮುಗ್ಗಲು ಹಿಡಿದಿದೆ, ನಾಯಿಮರಿಗೆ ವಿಷವಿದ್ದಂತೆ ಎಂದರು. ಪಾಕೀಟು ತಂದರೆ ಕಂಪನಿಯವರೇ ಮುಚ್ಚಿದ್ದು, ಒಳಗೇನಿದೆ, ಯಾವಾಗ ಮಾಡಿದ್ದು ಎಂದು ಮೇಲೆ ಬರೆದದ್ದು, ಮರಿಗೆಂದೇ ಮಾಡಿದ್ದು ನೋಡಿ ತಾ, ಇಲ್ಲವಾದರೆ ಪಾಕೀಟಿನ ಹಂಗೇ ಬೇಡ ಎಂದರು. ಜೋಳದ ನುಚ್ಚು ಮೆತ್ತಗೆ ಬೇಯಿಸು, ಬೆಂದ ಮೊಟ್ಟೆ ಕಿವುಚಿ ಹಾಕು, ಒಂದಿಷ್ಟು ಮಜ್ಜಿಗೆ. ಉಪ್ಪು ಬೇಡ, ಖಾರವಂತೂ ಬೇಡವೇ ಬೇಡ. ಸ್ವಲ್ಪ ಸ್ವಲ್ಪ, ದಿನಕ್ಕೆ ನಾಲ್ಕು ಸಲ. ಇಷ್ಟೇ. ನಮ್ಮ ಅಡುಗೆಮನೆಯಲ್ಲಿ ಮೊಟ್ಟೆ ಎಂದರೆ ಅವ್ವ ಮನೆ ಬಿಡುತ್ತಾಳೆ ಎಂದೆ. ಮೊಟ್ಟೆಯ ಪಾಲನ್ನು ರಹಿಮತಬಿ ವಹಿಸಿಕೊಂಡಳು. ನಮ್ಮ ಕಾಳು ತಿಂದ ಕೋಳಿಗಳು ಋಣ ತೀರಿಸಿದವು. ನುಚ್ಚು ನಮ್ಮದು, ಮೊಟ್ಟೆ ಆಕೆಯದು, ಬೆರೆಸುವುದು ಗೋಡೆಯ ಮೇಲೆ. ಬೆಲ್ಲ ಬಟ್ಟಲನ್ನೇ ತಿನ್ನುವಂತೆ ನೆಕ್ಕಿತು. ಆ ರಾತ್ರಿ ಅವ್ವ ಉಂಡಳು. ಶ್ರೀದೇವಿ ಒಲೆಯ ಮುಂದೆ ಕೂತು ಅತ್ತಳು.

ಮರುದಿನ ರಾಣೆಬೆನ್ನೂರಿಗೆ ಹೋಗಿ ಭಾವನ ಮುಂದೆ ನಿಂತೆ. ಅವರು ತಪ್ಪಾಯಿತು ಎಂದಿದ್ದರೆ ಈ ಪತ್ರವೇ ಇರುತ್ತಿರಲಿಲ್ಲ. "ಉಳದ ಮಾಲು ಹೊರಗ ಹಾಕಬೇಕಲ್ಲೋ. ನಾಯಿಗೇನ್ ತಿಳಿತೈತಿ?" ಎಂದರು. ಅವ್ವ ಬಿದ್ದಳು ಎಂದೆ. "ವಯಸ್ಸಾತಲೇ, ಬೀಳ್ತಾರ" ಎಂದರು. ಅಷ್ಟಕ್ಕೇ ನಿಲ್ಲಿಸದೆ, ಚೀಟಿ ಮುಗಿದಿವೆ, ಇನ್ನೊಂದು ಕಟ್ಟು ಹೊಡೆದುಕೊಡು ಎಂದೂ ಹೇಳಿದರು. ನಾನು ಆಯಿತು ಎಂದೆ. ಅಷ್ಟು ಮೆತ್ತಗೆ ನಾನು ಜನ್ಮದಲ್ಲಿ ಆಯಿತು ಎಂದಿಲ್ಲ. ಬಸ್ಸು ಮೋಟೆಬೆನ್ನೂರು ದಾಟುವಷ್ಟರಲ್ಲಿ ಮೊದಲ ಎರಡು ಸಾಲು ಆಗಿದ್ದವು, ಮನೆ ಮುಟ್ಟುವಷ್ಟರಲ್ಲಿ ನಾಲ್ಕೂ. ಸಿಟ್ಟಿನಲ್ಲಿ ಪ್ರಾಸ ಬಲು ಲಗೂ ಕೂಡುತ್ತದೆ:

ಕೋಳಿಯ ಕಾಳಿಗೆ ನಾಯಿಯ ಹೆಸರು,
ಬಾಳೀತು ಹೇಗೆ ಮರಿಗಳ ಉಸಿರು?
ಮಾರುವ ಮೊದಲು ಮಾಲೀಕ ತಿನ್ನಲಿ,
ಆರಾಮಿದ್ದರೆ ಮರಿಯೂ ಉಣ್ಣಲಿ!

ಕದರಮಂಡಲಗಿ ಹನುಮಪ್ಪನಾಣೆ, ಮೋಸ ಮಾಡಲಿಲ್ಲ. ಕರಡನ್ನು ಅವರ ಕೈಗೇ ಕೊಟ್ಟೆ. ಅಕ್ಷರ ಸಣ್ಣದು ಮಾಡಲಿಲ್ಲ, ಒಂದು ಅಳತೆ ದೊಡ್ಡದೇ ಮಾಡಿದ್ದೆ. ನಡುವಿನದನ್ನೂ ನೋಡಿ ಎಂದು ಬಾಯಿಬಿಟ್ಟು ಹೇಳಿದೆ. ಅವರು ದೇವರಿಗೆ ಕೈ ಮುಗಿದರು, ಹೆಸರಿನ ಮೇಲೆ ಬೆರಳಾಡಿಸಿದರು, ನಂಬರು ಓದಿದರು, ಸಹಿ ಹಾಕಿದರು. ಆ ಸಹಿಯನ್ನು ಪ್ರೆಸ್ಸಿನಲ್ಲಿ ಗಾಜು ಹಾಕಿಸಿ ಇಟ್ಟಿದ್ದೇನೆ.

ರವಿವಾರದ ಸಂತೆಯ ದಿನ ನಾನೂ ಹೋಗಿ ಭಾವನ ಅಂಗಡಿಯ ಎದುರಿನ ಚಹಾದಂಗಡಿಯಲ್ಲಿ ಕೂತೆ. ಹೊಸ ಚೀಟಿಯನ್ನು ಬಹಳ ಹೊತ್ತು ಯಾರೂ ಓದಲಿಲ್ಲ. ನನಗೆ ಭಾವನ ಮಾತೇ ಖರೇ ಅನಿಸಿ ಎದೆ ಸಣ್ಣಗಾಯಿತು. ಆಮೇಲೆ ನಿವೃತ್ತ ಮಾಸ್ತರ ಪರಮೇಶಪ್ಪನವರು ಬಂದರು. ಅವರು ಭೇಲ್ ಕಟ್ಟಿಕೊಟ್ಟ ಕಾಗದವನ್ನೂ ಓದದೆ ಒಗೆಯುವವರಲ್ಲ. ಚೀಲ ಕೈಗೆತ್ತಿಕೊಂಡು, ತರಗತಿಯಲ್ಲಿ ಪದ್ಯ ಓದುವಂತೆ ರಾಗವಾಗಿ ಓದಿದರು. ಅಂಗಡಿಯ ಮುಂದೆ ಜನ ಕೂಡಿತು. ಮಾಸ್ತರು ಕನ್ನಡಕ ಸರಿ ಮಾಡಿಕೊಂಡು, "ಪ್ರಭುಲಿಂಗಪ್ಪಾರ, ಮಾಲೀಕ ತಿನ್ನಲಿ ಅಂತ ನೀವ ಬರ್ಸೀರಲ್ರಿ, ತಿನ್ರಿ ನೋಡೂಣು" ಎಂದರು. ಭಾವ ಚೀಲದ ಮೇಲಿನದನ್ನು ಮೊದಲ ಸಲ ಓದಿದರು. ತುಟಿ ಆಡಿಸುತ್ತ ಓದಿದರು, ಸುಣ್ಣದ ಗೋಡೆಯಂತಾದರು. ಯಾರೋ "ಖಾರಾ-ಉಳ್ಳಾಗಡ್ಡಿ ಹಚ್ಚಿ ಕೊಡ್ಲೇನ್ರಿ ಸಾವ್ಕಾರ?" ಎಂದರು. ಒಯ್ದವರೆಲ್ಲ ತಮ್ಮ ಚೀಲ ತಿರುಗಿ ತಂದು ಕಟ್ಟೆಯ ಮೇಲೆ ಒಗೆದರು. ಅಕ್ಕಾ, ಇಷ್ಟು ವರ್ಷ ಬರೆದಿದ್ದೇನೆ, ನನ್ನ ಸಾಲನ್ನು ಜನ ಬಾಯಿಪಾಠ ಹೇಳಿದ್ದು ಅಂದೇ. ಎರಡು ಚಹಾ ಹೆಚ್ಚು ಕುಡಿದೆ.

ಸಂಜೆಗೆ ಭಾವ ಬ್ಯಾಡಗಿಗೆ ಬಂದರು, ಕಂಕುಳಲ್ಲಿ ಚೀಟಿಯ ಕಟ್ಟು. ನನ್ನನ್ನು ಬಿಟ್ಟು ಸೀದಾ ಅವ್ವನ ಮುಂದೆ ಕೂತು, "ಅತ್ತಿಯಾರ, ನಿಮ್ಮ ಮಗ ನನ್ನ ಅಂಗಡಿಗೆ ಬೆಂಕಿ ಇಟ್ಟಾನ್ರಿ" ಎಂದರು. ಅವ್ವ ಬೆಲ್ಲನನ್ನು ತೊಡೆಯ ಮೇಲೆ ಇಟ್ಟುಕೊಂಡು ಎಲ್ಲ ಕೇಳಿದಳು. ಒಂದು ಬೈಗುಳವಿಲ್ಲ. ಅಳಿಯನಿಗೆ ಬಿಸಿ ರೊಟ್ಟಿ ಹಾಕಿಸಿದಳು, ಮೇಲೆ ಬೆಣ್ಣೆ. ಅವರು ಉಂಡು ಕೈ ತೊಳೆದ ಮೇಲೆ, "ಮರಿ ಏನ್ ತಿಂತೈತಿ ಅಂಬೂದು ನಿಮಗ ತಿಳೀಲಿಲ್ಲ, ಪಾಪ. ನಡ್ರಿ, ನಾನೂ ಬೆಲ್ಲಾನೂ ನಿಮ್ಮ ಮನಿಗೇ ಬರ್ತೇವಿ. ಸುರೇಖಾ ಬರೂತನಕ ಅಲ್ಲೇ ಇರ್ತೇವಿ. ನಿಮ್ಮ ಕೈಲೆ ಉಣಸೀರಂತ" ಎಂದು ಗಂಟು ಕಟ್ಟಿದಳು. ಮನೆಗೆ ಬರುತ್ತೇನೆಂದ ಅತ್ತೆಗೆ ಬೇಡ ಎನ್ನುವ ಅಳಿಯ ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ನಾನು ಬರೆದದ್ದು ನಾಲ್ಕು ಸಾಲು, ಅವಳು ಆಡಿದ್ದು ನಾಲ್ಕು ಮಾತು. ಯಾವುದು ಹರಿತ ಎಂದು ನೀನೇ ಹೇಳು.

ಈಗ ಒಂದು ವಾರವಾಯಿತು. ನಾನು ಪ್ರೆಸ್ಸು ಮುಚ್ಚಿದವನೇ ರಾಣೆಬೆನ್ನೂರಿನ ಬಸ್ಸು ಹತ್ತುತ್ತೇನೆ, ಜನ ಸಿನಿಮಾಕ್ಕೆ ಹೋಗುವಂತೆ. ನಿನ್ನ ಅಡುಗೆಮನೆಯಲ್ಲಿ ಮೊಟ್ಟೆ ನಡೆಯುವುದಿಲ್ಲವಲ್ಲ, ಅದಕ್ಕೆ ಭಾವ ಗೋದಾಮಿನಲ್ಲಿ, ತಿರುಗಿ ಬಂದ ಚೀಲಗಳ ನಡುವೆ ಸ್ಟೋವ್ ಇಟ್ಟುಕೊಂಡು ಕುಕ್ಕರುಗಾಲಲ್ಲಿ ಕೂತು ಮೊಟ್ಟೆ ಬೇಯಿಸುತ್ತಾರೆ. ನುಚ್ಚು ಒಂದು ದಿನ ಗಂಟು, ಒಂದು ದಿನ ಸೀದು, ಒಂದು ದಿನ ನೀರು. ಬೆಲ್ಲ ಅವರಪ್ಪನಂಥ ಪರೀಕ್ಷಕ, ಮೂಸಿ ಮುಖ ತಿರುಗಿಸುತ್ತದೆ. ಅವ್ವ ಪಡಸಾಲೆಯಲ್ಲಿ ಖಾಲಿ ತಾಟು ಮುಂದಿಟ್ಟುಕೊಂಡು ಸುಮ್ಮನೆ ಕೂತಿರುತ್ತಾಳೆ. ಭಾವ ಬಟ್ಟಲಿಗೆ ಉಫ್ ಉಫ್ ಎಂದು ಊದುತ್ತ, "ತಿನ್ನಪಾ ನಮ್ಮಪ್ಪಾ, ಅತ್ತಿಯಾರು ಹಸದಾರ" ಎಂದು ಮರಿಯ ಮುಂದೆ ಮೊಣಕಾಲೂರಿ ಬೇಡಿಕೊಳ್ಳುತ್ತಾರೆ. ಹಸಿದರೆ ತಾನೇ ತಿನ್ನುತ್ತದೆ ಎಂದು ನಾನು ಬಾಗಿಲಲ್ಲಿ ನಿಂತು ದಿನಕ್ಕೊಮ್ಮೆ ನೆನಪಿಸುತ್ತೇನೆ. ಹೆದರಬೇಡ, ಅವ್ವನ ಗುಳಿಗೆಯ ಹೊತ್ತಿಗೆ ಮುಂಚೆಯೇ ಶ್ರೀದೇವಿ ಕಟ್ಟಿಕೊಟ್ಟ ಒಳ್ಳೆಯ ನುಚ್ಚು ನನ್ನ ಡಬ್ಬಿಯಲ್ಲಿರುತ್ತದೆ. ಭಾವ ಪೂರ್ತಿ ಬೆವರಿದ ಮೇಲೆ ಮಾತ್ರ ಮುಚ್ಚಳ ತೆಗೆಯುತ್ತೇನೆ. ಹಗಲಿನ ಊಟಕ್ಕೆ ಇನ್ನೊಂದು ಡಬ್ಬಿಯನ್ನು ದಿನಾ ಅವ್ವನ ಗಂಟಿಗೆ ಸೇರಿಸಿ ಬರುತ್ತೇನೆ. ಅದು ಭಾವನಿಗೆ ಗೊತ್ತಿಲ್ಲ.

ಪದ್ಮಜಾಗೂ ಕೂಸಿಗೂ ಅವ್ವನ ಭಂಡಾರದ ಆಶೀರ್ವಾದ ಈ ಮಡಿಕೆಯಲ್ಲಿದೆ, ಬಿಚ್ಚುವಾಗ ಚೆಲ್ಲೀತು. ಬೀಗರಿಗೆ ನಮ್ಮೆಲ್ಲರ ಶರಣು. ನಿನ್ನ ಮೊಣಕಾಲಿಗೆ ನನ್ನದು ಬೇರೆ.

ನಿನ್ನ ತಮ್ಮ,
ಕೊಟ್ರೇಶ

ತಾ.ಕ.: ಟಪಾಲಿನವನು ನಿಂತಿದ್ದಾನೆ, ಅವಸರದಲ್ಲಿ ಮುಖ್ಯ ಮಾತು. ಈ ಪತ್ರ ಮುಟ್ಟಿದ ಸಂಜೆಯೂ ಭಾವ ಫೋನು ಮಾಡಿ, ನುಚ್ಚಿಗೆ ನೀರು ಎಷ್ಟು ಎಂದು ಕೇಳುತ್ತಾರೆ. ಹೇಳಬೇಡ. ಬಾ ಎಂದು ಕರೆಯುತ್ತಾರೆ, ಬರಬೇಡ. ಬಾಣಂತಿಗೆ ಇನ್ನೂ ಒಂದು ತಿಂಗಳು ನೀನು ಬೇಕೇ ಬೇಕು ಎಂದು ಪದ್ಮಜಾಳ ಬಾಯಲ್ಲೇ ಹೇಳಿಸು. ನಿನ್ನೆ ಅವ್ವನೂ ಮೆಲ್ಲಗೆ ನನ್ನ ಕಿವಿಯಲ್ಲಿ ಅದನ್ನೇ ಅಂದಳು.