ಗೇಟಿನ ಹಿಂದಿನ ದಿಬ್ಬ

ಮಂಗಳವಾರ, ಇಳಿಹೊತ್ತು

ನನ್ನ ಗುಬ್ಬಚ್ಚಿಗೆ,

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಇಲ್ಲಿ ಕ್ಷೇಮ ಅಂತ ಬರೆಯಲು ಕೈ ಏಳುತ್ತಿಲ್ಲ.

ನಿನ್ನೆ ನಮ್ಮ ಮರಳುಗಾಡಿನ ಉದ್ಯಾನ ನೋಡಲು ಬಂದ ವಯಸ್ಸಾದ ಗಂಡ ಹೆಂಡತಿ ದಾರಿ ತಪ್ಪಿದರು. ಆಕೆ ಸಂಜೆಗೆ ಸಿಕ್ಕರು. ಆಕೆಯ ಯಜಮಾನರು ಇನ್ನೂ ಸಿಕ್ಕಿಲ್ಲ. ಬೆಳಗ್ಗೆ ಜೀಪಿನಲ್ಲಿ ಹುಡುಕಲು ಹೋದ ನಿಮ್ಮಪ್ಪನೂ ಬಂದಿಲ್ಲ. ಆಕೆ ನಿನ್ನ ಮಂಚದ ಮೇಲೇ ಮಲಗಿದ್ದಾರೆ. ತುಟಿ ಒಡೆದಿದೆ, ಚಮಚದಲ್ಲಿ ನೀರು ಕುಡಿಸುತ್ತಿದ್ದೇನೆ. ಮುಷ್ಟಿಯಲ್ಲಿ ಟಿಕೆಟ್ಟು ಹಿಡಿದು ಒಂದೇ ಮಾತು: "ಆ ದಿಬ್ಬ ಗೇಟಿನ ಹಿಂದೇನೇ ಇತ್ತಲ್ಲಮ್ಮ?"

ಟಿಕೆಟ್ಟಿನ ಮೇಲಿರುವುದು ನೀನು ತೆಗೆದ ಫೋಟೋ. ತೆಗೆದದ್ದು ನನ್ನ ಮಗಳು ಅಂತ ನಾನು ಹೇಳಲಿಲ್ಲ.

ದೂರದ್ದನ್ನು ಹತ್ತಿರ ಎಳೆಯುವ ಆ ಉದ್ದ ಲೆನ್ಸಿನಲ್ಲಿ ತೆಗೆದೆಯಲ್ಲ, ಗೇಟಿನ ಕಂಬದ ಬೆನ್ನಿಗೇ ಚಿನ್ನದ ರಾಶಿಯ ಹಾಗೆ ಮರಳು ದಿಬ್ಬ! ಎಲ್ಲರ ಕಣ್ಣೂ ತಂಪಾಯಿತು. ಅದು ಎಷ್ಟು ದೂರವಿದೆ ಅಂತ ನಮಗೆಲ್ಲ ಗೊತ್ತಿತ್ತು. ಅದಕ್ಕೇ ಗೊತ್ತಿಲ್ಲದವರ ಗತಿ ಯಾರಿಗೂ ಹೊಳೆಯಲಿಲ್ಲ. ದೂರದ ಬೆಟ್ಟ ನುಣ್ಣಗೆ ಅಂತಾರೆ. ನಿನ್ನ ಫೋಟೋದಲ್ಲಿ ನುಣುಪು ಉಳಿಯಿತು, ದೂರ ಹೋಯಿತು.

ಅದೇ ದಿನ ನೀನು ಇನ್ನೊಂದು ತೆಗೆದಿದ್ದೆ. ಬರೀ ಕಲ್ಲು, ಮುಳ್ಳುಕಂಟಿ, ನಡುವೆ ಇರುವೆಯಷ್ಟು ಅಪ್ಪನ ಜೀಪು, ಅದರಾಚೆ ಉಗುರಿನಷ್ಟು ದಿಬ್ಬ. ಜೀಪು ಅಡ್ಡ ಬಂದು ಕೆಡಿಸಿತು ಅಂದೆ ನೀನು. ಇದನ್ನು ಹಾಕಿದರೆ ನೊಣವೂ ಬರುವುದಿಲ್ಲ ಅಂತ ಆಫೀಸಿನವರು ನಕ್ಕರು. ಈಗ ಅನ್ನಿಸುತ್ತಿದೆ, ಈ ಜಾಗದ ಮುಖ ಅದೇ. ದೇವರು ಇದನ್ನು ಎಷ್ಟು ದೊಡ್ಡದಾಗಿ ಮಾಡಿದ್ದಾನೆ ಅಂತ ಆ ಜೀಪಿನಿಂದಲೇ ತಿಳಿಯುತ್ತದೆ.

ಗೇಟನ್ನೂ ದಿಬ್ಬವನ್ನೂ ಅಂಟಿಸಿದ್ದು ಯಾರ ಬುದ್ಧಿ ಅಂತ ಬೆಳಗ್ಗೆ ಸಾಹೇಬರು ಗದರಿದರು. "ನಂದೇ ಸಾರ್. ಮಗಳು ನಾನು ಹೇಳಿದ ಹಾಗೆ ತೆಗೆದಳು" ಅಂದುಬಿಟ್ಟು ನಿಮ್ಮಪ್ಪ ಜೀಪು ಹತ್ತಿದರು. ಕ್ಯಾಮೆರಾ ಯಾವ ಕಡೆಯಿಂದ ಹಿಡಿಯಬೇಕು ಅಂತಲೂ ತಿಳಿಯದ ಮನುಷ್ಯ! ಕೆಲಸ ಹೋದರೂ ಹೋದೀತು. ಆ ಸುಳ್ಳನ್ನು ಅವರ ಲೆಕ್ಕಕ್ಕೆ ಹಾಕಬೇಡಪ್ಪಾ ಅಂತ ದೇವರಿಗೆ ಹೇಳಿದ್ದೇನೆ.

ಟಿಕೆಟ್ಟಿನಿಂದ ಆ ಫೋಟೋ ತೆಗೆದುಹಾಕಿಸು, ಮಗಳೇ. ನಾಲ್ಕು ಜನ ಹೊಗಳಿದ್ದು, ಮನಸ್ಸು ಬಾರದು, ಗೊತ್ತು. ಆದರೂ ಆಫೀಸಿಗೆ ನೀನೇ ಬರೆದು ಕೇಳು.

ಬಾಗಿಲಲ್ಲೇ ಕಣ್ಣಿಟ್ಟು ಕೂತಿರುವ
ನಿನ್ನ ಅಮ್ಮ

ತಾ.ಕ.: ಲಕೋಟೆ ಅಂಟಿಸುವಾಗ ಜೀಪಿನ ಸದ್ದು ಬಂತು. ಯಜಮಾನರು ಬದುಕಿದ್ದಾರೆ, ಅಪ್ಪನ ಹೆಗಲಿಗೆ ಒರಗಿ ಇಳಿದರು. ಆಗ ಆಕೆಗೆ ನಿಜ ಹೇಳಿದೆ. ಗೋಡೆಯ ಮೇಲಿರುವ, ನೀನು ತೆಗೆದ ಆ ಜೀಪಿನ ಫೋಟೋ ತೋರಿಸಿದೆ. ಬಹಳ ಹೊತ್ತು ನೋಡಿದರು. ಆಫೀಸಿಗೆ ಬರೆಯುವಾಗ ಅವರ ಮಾತನ್ನೂ ಸೇರಿಸು: "ಇದನ್ನ ಹಾಕಿದ್ರೂ ಬರ್ತಿದ್ವಿ ಕಣಮ್ಮ. ನೀರು ತಗೊಂಡು ಬರ್ತಿದ್ವಿ."