ಕುರ್ಚಿ ಇಲ್ಲದ ಶೆಡ್ಡು

ಅಪ್ಪಾ,

ನೀನು ತೀರಿಕೊಂಡ ಮೇಲೆ ಖಾಲಿ ಬಿದ್ದಿದ್ದ ಶೆಡ್ಡಿನಲ್ಲಿ ಇವತ್ತು ಮೊದಲ ಸಲ ನಾನೇ ಮೇಪಲ್ ಮರದ ರಸ ಕಾಯಿಸಿದೆ. ನಲವತ್ತು ಲೀಟರ್ ಬತ್ತಿಸಿದರೆ ಒಂದೇ ಲೀಟರ್ ಸಿರಪ್ಪಂತೆ. ಮಧ್ಯಾಹ್ನದ ಹೊತ್ತಿಗೆ ಕಾಲು ಸೋತು, ಮನೆಯಿಂದ ಕುರ್ಚಿ ತಂದು ಕೂತೆ. ತೂಕಡಿಸಿಬಿಟ್ಟೆ. ಕಣ್ಣು ಬಿಟ್ಟಾಗ ಬಾಣಲೆ ತುಂಬ ಕರಕಲು.

ಹೊಗೆ ನೋಡಿ ಬಂದ ಪಕ್ಕದ ಮನೆ ಗಾಸ್ಪಾರ್ ನಕ್ಕ. "ಕುರ್ಚಿ ಯಾಕೆ ತರೋಕೆ ಹೋದೆ ಮಾರಾಯ್ತಿ? ಕೂತ್ರೆ ನಿದ್ದೆ ಬರುತ್ತೆ ಅಂತ ನಿಮ್ಮಪ್ಪ ಇಲ್ಲಿ ಒಂದು ಸ್ಟೂಲೂ ಇಡ್ಲಿಲ್ಲ."

ನಾವು ಜಗಳವಾಡಿ ಮಾತು ಬಿಟ್ಟ ಮೇಲೆ ಒಂದು ಮಾರ್ಚಿನಲ್ಲಿ, ನೀನು ರಸ ಕಾಯಿಸುತ್ತಿದ್ದಾಗ, ರಾಜಿಯಾಗೋಣ ಅಂತ ಮಾಂಟ್ರಿಯಲ್‌ನಿಂದ ಇದೇ ಶೆಡ್ಡಿಗೆ ಬಂದಿದ್ದೆ. ನೀನು ಬಾಣಲೆಯಿಂದ ಕಣ್ಣೆತ್ತಲಿಲ್ಲ, ಕೂರು ಅನ್ನಲೂ ಇಲ್ಲ. ನಾನು ಬಂದದ್ದು ನಿನಗೆ ಬೇಡ ಅಂದುಕೊಂಡು ಬಾಗಿಲಿಂದಲೇ ವಾಪಸ್ಸಾದೆ. ಆಮೇಲೆ ಒಂಬತ್ತು ವರ್ಷ ಈ ಕಡೆ ಬರಲಿಲ್ಲ.

ಬಾಣಲೆ ಉಜ್ಜಿ, ಕುರ್ಚಿ ಮನೆಗೆ ಒಯ್ದಿಟ್ಟೆ. ನಾಳೆ ನಿಂತೇ ಕಾಯಿಸುತ್ತೇನೆ.